ಜರ್ಮನಿ ಗಾಡಿಯ ಕಣ್ಣು

ನನ್ನ ಅಂಗಡಿಗೆ ಬಂದವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಹಳದಿ ಬಟ್ಟಲನ್ನು ಒಂದು ಸಲವಾದರೂ ಕೈಗೆತ್ತಿಕೊಂಡು ನೋಡುತ್ತಾರೆ. ಅದರಲ್ಲಿ ನಾನು ವಾಶರು, ಸಣ್ಣ ಸ್ಕ್ರೂ ಹಾಕಿಡುತ್ತೇನೆ. ನೋಡಲು ಗಾಜಿನ ಹಾಗೆ, ಮುಟ್ಟಿದರೆ ಪ್ಲಾಸ್ಟಿಕ್ಕು. ಒಂದು ಬದಿ ದುಂಡಗೆ, ಇನ್ನೊಂದು ಬದಿ ಮೀನಿನ ಮೂತಿಯಂತೆ ಚೂಪು. ಇದು ಯಾವ ಊರಿನದು ಎಂದು ಕೇಳುತ್ತಾರೆ. ಜರ್ಮನಿಯದು ಅನ್ನುತ್ತೇನೆ. ಹಾನಗಲ್ಲಿನ ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಕೂತು ಜರ್ಮನಿ ಅಂದರೆ ಯಾರು ನಂಬಬೇಕು? ನಕ್ಕು, ಕೆಳಗಿಟ್ಟು, ತಮಗೆ ಬೇಕಾದ ಫುಟ್‌ವಾಲ್ವಿನ ಮಾತು ತೆಗೆಯುತ್ತಾರೆ. ಅದು ನನ್ನ ಕಾರಿನ ಹಳೆಯ ಹೆಡ್‌ಲೈಟಿನ ಮುಖ. ಎಸೆಯಲು ಮನಸ್ಸಾಗಲಿಲ್ಲ. ಮನೆಯಲ್ಲಿಟ್ಟರೆ ದಿನವೂ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಅಂಗಡಿಗೆ ತಂದು ಒಂದು ಕೆಲಸಕ್ಕೆ ಹಚ್ಚಿದೆ.

ಆ ಕಾರು ನನ್ನಂಥವನ ಕೈಗೆ ಬಂದದ್ದೇ ಒಂದು ತಮಾಷೆ. ಹುಬ್ಬಳ್ಳಿಯ ಡಾಕ್ಟರರೊಬ್ಬರಿಗೆ ನಮ್ಮೂರ ಹತ್ತಿರ ಹೊಲವಿತ್ತು. ಮೋಟರು ಕೆಟ್ಟಾಗಲೆಲ್ಲ ನನ್ನ ಅಂಗಡಿಗೆ ಬರುತ್ತಿದ್ದರು. ದವಾಖಾನೆ ಮುಚ್ಚಿ ಮೈಸೂರಿಗೆ ಹೊರಟಾಗ, ಈ ಗಾಡಿಯನ್ನು ಮಾರಾಟಕ್ಕಿಟ್ಟರೆ ಯಾರೋ ಬಿಚ್ಚಿ ಸಾಮಾನು ಮಾಡುತ್ತಾರೆ, ನೀವಾದರೆ ಜೋಪಾನ ಮಾಡುತ್ತೀರಿ ಎಂದು ನನ್ನ ಕೊರಳಿಗೆ ಕಟ್ಟಿದರು. ಆಗಲೇ ಅದಕ್ಕೆ ಸಾಕಷ್ಟು ವಯಸ್ಸಾಗಿತ್ತು. ಪೇಟೆಯಲ್ಲಿ ಮಂದಿ ಅದರ ಕಂಪನಿಯ ಹೆಸರು ಹೇಳಲು ಬಾರದೆ ದೇಶದ ಹೆಸರನ್ನೇ ಇಟ್ಟರು. "ಜರ್ಮನಿ ಎಲ್ಲಿ ಹೊಂಟೈತಿ?" ಎಂದು ನನ್ನನ್ನು ಕೇಳುವವರು ಈಗಲೂ ಇದ್ದಾರೆ.

ಗಿರಿಜಾ, ನನ್ನ ಹೆಂಡತಿ, ಮೊದಲ ದಿನ ಗಾಡಿಯನ್ನು ಹೊಸ ಸೊಸೆಯನ್ನು ನೋಡುವಂತೆ ಸುತ್ತು ಹಾಕಿ ನೋಡಿದಳು. ಬಾಗಿಲು ತೆಗೆದು ಮುಚ್ಚಿ, "ತಿಜೋರಿ ಮುಚ್ಚಿದಂಗ ಆಕ್ಕೈತಿ" ಎಂದು ಮೆಚ್ಚಿಕೊಂಡಳು. ಸೀಟು ಒತ್ತಿ ನೋಡಿದಳು. ಕೊನೆಗೆ ಮುಂದೆ ಬಂದು ನಿಂತು, ಹೆಡ್‌ಲೈಟಿನ ಮೇಲೆ ಬೆರಳಾಡಿಸಿ, "ಎಲ್ಲಾ ಚಲೋ ಐತ್ರಿ, ಆದ್ರ ಕಣ್ಣಾಗ ಪೊರಿ ಬಂದೈತಿ" ಅಂದಳು.

ನಿಜ. ಬಿಸಿಲು ಕುಡಿದು ಕುಡಿದು ಅದರ ಮುಖ ಹಳದಿಗಟ್ಟಿತ್ತು. ಒಳಗಿನ ದೀಪ ಮಂಜಿನೊಳಗಿಂದ ನೋಡುವವರ ಹಾಗೆ ನೋಡುತ್ತಿತ್ತು.

ನಾನು ಹುಟ್ಟಿದ್ದು ಹಿರೇಕೆರೂರಿನ ಹತ್ತಿರ. ಮನೆಯಲ್ಲಿ ಕಂದೀಲಿನ ಗಾಜು ಒರೆಸುವುದು ನನ್ನ ಪಾಲಿನ ಕೆಲಸ. ದೊಡ್ಡವರ ಕೈ ಅದರೊಳಗೆ ಹಿಡಿಸುತ್ತಿರಲಿಲ್ಲ. ಒಲೆಯ ಬೂದಿಯನ್ನು ಹಳೆಯ ಧೋತರದ ತುಂಡಿಗೆ ಹಚ್ಚಿ ಕೈಯನ್ನು ಒಳಗೆ ತೂರಿಸಿದರೆ, ಬೆರಳಿಗೆ ಗಾಜಿನ ತಂಪು ತಾಗುತ್ತಿತ್ತು. ಒಂದು ವರ್ಷ ಕೈ ದೊಡ್ಡದಾಗಿ ಒಳಗೆ ಹೋಗಲಿಲ್ಲ. ಅವ್ವ ಅದನ್ನು ಮನೆ ಮನೆಗೆ ಹೇಳಿಕೊಂಡು ಬಂದಳು, ಮಗನಿಗೆ ನೌಕರಿ ಸಿಕ್ಕಷ್ಟು ಹಿಗ್ಗಿನಿಂದ. ಆಮೇಲೆ ಅಪ್ಪ ಸೈಕಲ್ಲಿಗೆ ಡೈನಮೋ ಹಾಕಿಸಿಕೊಟ್ಟ. ಅದರ ಸ್ವಭಾವವೇ ಬೇರೆ. ಮೆಲ್ಲಗೆ ತುಳಿದರೆ ದೀಪ ಮಿಣುಕು, ಜೋರಾಗಿ ತುಳಿದರೆ ಝಗ್ಗನೆ ಬೆಳಕು. ಹಾಗಾಗಿ ಹೆದರಿಕೆಯಾದ ಕಡೆ ನಿಧಾನಿಸುವ ಬದಲು ಇನ್ನೂ ಜೋರಾಗಿ ಹೋಗಬೇಕಾಗುತ್ತಿತ್ತು. ಸ್ಮಶಾನದ ಹತ್ತಿರ ನನ್ನ ಸೈಕಲ್ಲಿನ ದೀಪದಷ್ಟು ಬೆಳಕು ಆಗ ಇಡೀ ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಇಂಥ ಪೂರ್ವಾಶ್ರಮ ಇದ್ದದ್ದರಿಂದ ಹೆಡ್‌ಲೈಟಿಗೂ ಬೂದಿಯನ್ನೇ ಹಚ್ಚಿ ತಿಕ್ಕಿದೆ. ಪ್ರಯೋಜನವಾಗಲಿಲ್ಲ. ಹಲ್ಲುಜ್ಜುವ ಪೇಸ್ಟು ಹಚ್ಚಿದರೆ ಹೊಳೆಯುತ್ತದೆ ಎಂದು ಗಿರಿಜಾ ಎಲ್ಲಿಯೋ ಕೇಳಿಕೊಂಡು ಬಂದಳು. ಇಬ್ಬರೂ ಅಂಗಳದಲ್ಲಿ ಕೂತು, ಆಕೆ ಒಂದು ಕಣ್ಣು, ನಾನು ಒಂದು ಕಣ್ಣು ಹಂಚಿಕೊಂಡು ತಿಕ್ಕಿದೆವು. ಆಕೆಯದು ಹೆಚ್ಚು ಹೊಳೆಯಿತು. ಅದು ಉಳಿದದ್ದು ಒಂದು ಬೇಸಿಗೆಯವರೆಗೆ. ಅಲ್ಲಿಯ ತನಕ ಮಳೆ ಬಿದ್ದಾಗಲೆಲ್ಲ ಗಾಡಿ ಲವಂಗದ ವಾಸನೆ ಬಡಿಯುತ್ತಿತ್ತು.

ಆಮೇಲೆ ನಾವು ಆ ದೀಪಕ್ಕೆ ಹೊಂದಿಕೊಂಡೆವು. ಹೊತ್ತು ಮುಳುಗಿತೆಂದರೆ ಗಿರಿಜಾ ಪಕ್ಕದ ಸೀಟಿನಲ್ಲಿ ಸ್ವಲ್ಪ ಮುಂದೆ ಸರಿದು ಕೂತು, ರಸ್ತೆಯನ್ನು ಓದಿ ಹೇಳುತ್ತಿದ್ದಳು. "ಎಡಕ್ಕ ಎಮ್ಮಿ." "ಹ್ಞೂಂ." "ಮುಂದ ತಗ್ಗು ಐತ್ರಿ." "ಹ್ಞೂಂ." "ಬಲಕ್ಕ ಇಬ್ಬರು ನಿಂತಾರ, ಒಬ್ಬಾಂವ ಕುಡದಾನ." ಕುಡಿದದ್ದು ಇಷ್ಟು ದೂರದಿಂದ ಹೇಗೆ ತಿಳಿಯಿತು ಎಂದರೆ, ನಿಂತ ರೀತಿ ನೋಡಿದರೆ ತಿಳಿಯುವುದಿಲ್ಲವೇ ಅನ್ನುತ್ತಿದ್ದಳು. ಹೊಸ ದೀಪ ಹಾಕಿಸಬೇಕು ಎಂದು ನಾನು ಹೇಳದೇ ಇದ್ದ ತಿಂಗಳಿಲ್ಲ. ಜರ್ಮನಿಯ ಸಾಮಾನು ಸಿಗುವುದು ಕಷ್ಟ ಎಂದು ಮುಂದೆ ಹಾಕುತ್ತ ಬಂದೆ. ಒಮ್ಮೆ ಆಕೆಯೇ, "ಬ್ಯಾಡ ಬಿಡ್ರಿ, ಆಮ್ಯಾಲೆ ನನಗೇನು ಕೆಲಸ ಉಳೀತೈತಿ?" ಅಂದಳು. ನಗುತ್ತಲೇ ಅಂದಳು. ಆದರೆ ನಾನು ಆಮೇಲೆ ಆ ಮಾತು ತೆಗೆಯಲಿಲ್ಲ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಅದನ್ನು ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯಲಿಕ್ಕಿಲ್ಲ.

ಗಿರಿಜಾಳ ತವರು ಶಿಗ್ಗಾವಿ ತಾಲೂಕಿನ ದುಂಡಸಿ. ಅಲ್ಲಿ ಅವಳ ಅವ್ವ ನೀಲವ್ವ, ತಮ್ಮ ಬಸವರಾಜ, ಅವನ ಹೆಂಡತಿ ಇದ್ದಾರೆ. ನೀಲವ್ವ, ಅಂದರೆ ನನ್ನ ಅತ್ತಿ, ಹಳೆಯ ಕಾಲದವರು. ನಮ್ಮ ಕಡೆಯ ಅಂಥ ಹೆಣ್ಣುಮಕ್ಕಳು ಅಳಿಯನ ಎದುರಿಗೆ ನಿಂತು ಮಾತಾಡುವುದಿಲ್ಲ. ಅಳಿಯ ಪಡಸಾಲೆಯಲ್ಲಿದ್ದರೆ ಇವರು ಒಳಬಾಗಿಲ ಮರೆಗೆ, ತಲೆಯ ಮೇಲೆ ಸೆರಗು. ಹೇಳಬೇಕಾದದ್ದನ್ನು ನಡುವೆ ಇರುವವರಿಗೆ ಹೇಳುತ್ತಾರೆ, ಅವರು ಅಳಿಯನಿಗೆ ದಾಟಿಸುತ್ತಾರೆ. ನಮ್ಮ ನಡುವೆ ಇದ್ದವಳು ಗಿರಿಜಾ. ಒಳಗಿನಿಂದ ಅತ್ತಿ, "ಇಷ್ಟ ಉಂಡ್ರ ಹೆಂಗ? ಗುಬ್ಬಿ ತಿಂದಂಗ ತಿಂತಾರ, ಮತ್ತ ನನ್ನ ಮಗಳು ಹಾಕೂದಿಲ್ಲ ಅಂತ ಮಂದಿ ಅನಬೇಕು" ಅನ್ನುವರು. ಪ್ರತಿಯೊಂದು ಅಕ್ಷರವೂ ನನಗೆ ಕೇಳಿರುತ್ತಿತ್ತು. ಕೇಳಿಲ್ಲವೆಂಬಂತೆ ಕಾಯಬೇಕು. ಗಿರಿಜಾ ಹೊರಗೆ ಬಂದು, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದು ಅಷ್ಟನ್ನೇ ದಾಟಿಸುತ್ತಿದ್ದಳು. ನಾನು ಸಾಕು ಅಂದದ್ದು ಒಳಗೆ ಹೋಗುವಷ್ಟರಲ್ಲಿ, "ಭಾಳ ರುಚಿ ಆಗ್ಯಾವಂತ, ಇನ್ನೊಂದು ಹಾಕು ಅಂದ್ರು" ಎಂದಾಗಿರುತ್ತಿತ್ತು. ಇಷ್ಟು ವರ್ಷ ನಾನೂ ಅತ್ತಿಯೂ ಬಹಳ ಚೆನ್ನಾಗಿ ಇದ್ದೆವು. ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡಿರಲಿಲ್ಲ.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ಗಿರಿಜಾ ತೀರಿಕೊಂಡಳು. ಬೆಳಿಗ್ಗೆ ಎದೆಯಲ್ಲಿ ಹಿಡಿದಂತಾಗುತ್ತದೆ ಅಂದಳು. ನಮಗೆ ಮಕ್ಕಳಿಲ್ಲ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಾನೊಬ್ಬನೇ ಹುಬ್ಬಳ್ಳಿಗೆ ಗಾಡಿ ಹೊಡೆದೆ. ಮಲಗಿದಲ್ಲಿಂದ ಅವಳಿಗೆ ರಸ್ತೆ ಕಾಣುತ್ತಿರಲಿಲ್ಲ. ಎಲ್ಲಿಗೆ ಬಂದೆವು, ಏನು ಬಂತು ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ದವಾಖಾನೆಯವರು ಒಳಗೆ ಕರೆದುಕೊಂಡು ಹೋದ ಮೇಲೆ ಮತ್ತೆ ಮಾತಾಡಲು ಆಗಲಿಲ್ಲ. ಸಂಜೆಗೆ ಎಲ್ಲ ಮುಗಿಯಿತು.

ಆ ದಾರಿಯಲ್ಲಿ ಅವಳು ತನ್ನ ಅವ್ವನನ್ನು ನೆನೆದು ಒಂದು ಮಾತು ಅಂದಿದ್ದಳು. ಅದು ಆ ಅವ್ವನಿಗೇ ಸೇರಬೇಕಾದ ಮಾತು. ನನ್ನ ಹತ್ತಿರ ಉಳಿದುಬಿಟ್ಟಿತ್ತು. ಮಣ್ಣು ಮಾಡಿದ ದಿನ ಹೆಣ್ಣುಮಕ್ಕಳ ಗುಂಪಿನ ನಡುವೆ ಅತ್ತಿ ಇದ್ದರು, ಗಂಡಸರ ನಡುವೆ ನಾನಿದ್ದೆ. ಬಸವರಾಜನ ಕೈಯಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಅಕ್ಕನ ಹೆಸರು ಬಂದರೆ ಅವನು ಮಾತು ಪೂರ್ತಿ ಕೇಳದೆ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಾನೆ. ನಾನೇ ಹೇಳಬೇಕು. ಹೇಗೆ ಹೇಳಬೇಕು? ಹೇಳುವುದನ್ನು ದಾಟಿಸುವವಳೇ ಇಲ್ಲ.

ಆದರೂ ಅಂಗಡಿಗೆ ರಜೆ ಇದ್ದ ದಿನ ದುಂಡಸಿಗೆ ಹೋಗುವುದನ್ನು ಬಿಡಲಿಲ್ಲ. ಮಧ್ಯಾಹ್ನ ಬಸವರಾಜ ಹೊಲದಲ್ಲಿ, ಅವನ ಹೆಂಡತಿ ಅಂಗನವಾಡಿಯಲ್ಲಿ. ಮನೆಯಲ್ಲಿ ನಾನು, ಅತ್ತಿ, ನಡುವೆ ಒಂದು ಬಾಗಿಲು. ಮೊದಲ ಸಲ ಹೋದಾಗ ಚಹಾದ ಬಟ್ಟಲು ಹೊಸ್ತಿಲ ಮೇಲೆ ಬಂದು ಕೂತಿತು. ಒಳಗಿನಿಂದ ಅತ್ತಿಯ ದನಿ ಬಂತು: "ಚಾ ಆರಾಕತ್ತೈತಿ ಅಂತ ಹೇಳು." ಯಾರಿಗೆ ಹೇಳಿದರು ಎಂದು ಬಗ್ಗಿ ನೋಡಿದೆ. ಹೊಸ್ತಿಲ ಪಕ್ಕ ಬೆಕ್ಕು ಮಲಗಿತ್ತು.

ಬೆಕ್ಕು ನನಗೆ ಏನನ್ನೂ ಹೇಳಲಿಲ್ಲ. ನಾನು ಎದ್ದು ಬಟ್ಟಲು ತೆಗೆದುಕೊಂಡು, ಬೆಕ್ಕಿಗೇ, "ಸಕ್ಕರಿ ಬರೋಬರಿ ಆಗೈತಿ ಅಂತ ಹೇಳು" ಅಂದೆ. ಹಾಗೆ ಆ ಬೆಕ್ಕು ನಮ್ಮಿಬ್ಬರ ನಡುವೆ ಕೆಲಸಕ್ಕೆ ಸೇರಿತು. ಮಳೆ, ಬೆಳೆ, ಬಸವರಾಜನ ಮೊಣಕಾಲ ನೋವು ಎಲ್ಲ ಅದರ ಮೂಲಕ ನಡೆಯುತ್ತಿತ್ತು. ಆದರೆ ಗಿರಿಜಾಳ ಮಾತನ್ನು ಬೆಕ್ಕಿಗೆ ಹೇಳಲು ನನ್ನಿಂದಾಗಲಿಲ್ಲ. ಅತ್ತಿಯಿಂದಲೂ ಕೇಳಲು ಆಗಲಿಲ್ಲ ಎಂದು ತೋರುತ್ತದೆ.

ಬಿಸಿಲು ಸ್ವಲ್ಪ ಇಳಿಯಿತೆಂದರೆ ಒಳಗೆ ಚಡಪಡಿಕೆ ಶುರುವಾಗುತ್ತಿತ್ತು. "ಗಾಡಿಗೆ ಕಣ್ಣಿಲ್ಲ. ಬಾಜೂಕ ಕುಂತು ಹೇಳಾಕೀನೂ ಇಲ್ಲ. ಹೊತ್ತು ಇರತನಾನ ಊರು ಮುಟ್ಟಬೇಕು ಅಂತ ಹೇಳು ಅವರಿಗೆ." ನಾನು ಏಳುತ್ತಿದ್ದೆ. ಬಸವರಾಜ ಹೊಲದಿಂದ ಬರುವ ಹೊತ್ತಿಗೆ ನಾನು ದಾರಿಯಲ್ಲಿರುತ್ತಿದ್ದೆ. ಬೇಗ ಹೋಗಿ, ಬೇಗ ಎದ್ದು, ಚಹಾ ಕುಡಿದು ಬರುವ ಭೇಟಿ. ಮಗಳಿಂದ ಆದ ಅಳಿಯ ನಾನು, ಮಗಳಿಲ್ಲ. ಹೀಗೇ ಆದರೆ ಒಂದು ದಿನ ಹೋಗುವುದೇ ನಿಂತು, ಆ ಮಾತು ನನ್ನ ಹತ್ತಿರವೇ ಉಳಿದುಹೋಗುತ್ತದೆ ಎಂದು ಅಂಜಿಕೆಯಾಗತೊಡಗಿತು.

ಒಂದು ಸಲ ಹೊರಡುವುದು ತಡವಾಯಿತು. ಮಬ್ಬು ಬೆಳಕಿನಲ್ಲಿ ಬರುತ್ತಿದ್ದೆ. ತಿರುವಿನಲ್ಲಿ ನನ್ನ ಬಾಯಿಂದ ತಾನಾಗಿ "ಹ್ಞೂಂ" ಅಂತ ಬಂತು. ಯಾರೂ ಏನೂ ಹೇಳಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿ ಮತ್ತೆ ಮುಂದೆ ನೋಡುವಷ್ಟರಲ್ಲಿ ರಸ್ತೆಯ ತುಂಬ ಕುರಿಗಳು. ಗಾಡಿ ನಿಂತಿತು, ಪುಣ್ಯ. ಕುರಿ ಕಾಯುವ ಹಿರಿಯ ಹತ್ತಿರ ಬಂದು, "ಕಣ್ಣು ಕಾಣಂಗಿಲ್ಲೇನ್ರಿ ಯಜಮಾನ್ರ?" ಅಂದ. ನನಗೆ ಕಾಣುತ್ತದೆ, ಗಾಡಿಗೆ ಕಾಣುವುದಿಲ್ಲ ಅಂದೆ. ಹಾಗಾದರೆ ಗಾಡಿಯನ್ನು ಮನೆಯಲ್ಲಿ ಬಿಟ್ಟು ನಾನೊಬ್ಬನೇ ತಿರುಗಾಡಬೇಕಂತೆ. ಅವನ ಸಲಹೆ ಅದು. ಮರುದಿನವೇ ದೀಪದ ವಿಚಾರಕ್ಕೆ ಹೊರಟೆ.

ಸವಣೂರಿನಲ್ಲಿ ಸಲೀಮ ಅನ್ನುವವನು ಗಾಡಿಗಳ ವೈರಿಂಗ್ ಮಾಡುತ್ತಾನೆ. ಮಾತು ಜಾಸ್ತಿ, ಧೈರ್ಯ ಅದಕ್ಕಿಂತ ಜಾಸ್ತಿ. "ಚಿಂತಿ ಬ್ಯಾಡ ಕಾಕಾ, ನಿಮಗ ಹಗಲ ಮಾಡಿ ಕೊಡ್ತೇನಿ" ಎಂದು ಹಳೆಯ ಬಲ್ಬು ಕಿತ್ತು ಎಲ್‌ಇಡಿ ಹಾಕಿದ. ಹಗಲೇ ಆಯಿತು, ಆದರೆ ಎಲ್ಲ ಕಡೆಗೂ. ರಸ್ತೆ ಬಿಟ್ಟು ಮರದ ಟೊಂಗೆ, ಎದುರಿನವರ ಮುಖ, ಆಕಾಶ, ಎಲ್ಲದರ ಮೇಲೂ ಬಿಳಿ ಬೆಳಕು. ಎದುರಿಗೆ ಬಂದ ಟ್ರ್ಯಾಕ್ಟರಿನವನು ನಿಲ್ಲಿಸಿ ನನ್ನ ಮನೆತನವನ್ನೆಲ್ಲ ನೆನೆಸಿಕೊಂಡ. ಇದರ ಜೊತೆಗೆ ಗಾಡಿಯೊಳಗೆ ಮುಂದಿನ ಫಲಕದಲ್ಲಿ ಹಳದಿ ಗುರುತೊಂದು ಹತ್ತಿ ಆರಲೊಲ್ಲದು. ಬಲ್ಬು ಹೋಗಿದೆ, ನೋಡಿಕೋ ಎಂದು ಅದರ ಅರ್ಥವಂತೆ. ಎದುರಿಗೆ ಊರೆಲ್ಲರ ಕಣ್ಣು ಕುಕ್ಕುವಷ್ಟು ಉರಿಯುತ್ತಿದೆ, ಇದು ಇಲ್ಲ ಎಂದು ಹಟ ಹಿಡಿದಿದೆ. "ಹಳೇ ಗಾಡಿ ಕಾಕಾ. ಇಷ್ಟ ಕಮ್ಮಿ ಕರೆಂಟ್ ತಗೊಂಡು ಉರೀತೈತಿ ಅಂದ್ರ ಅದು ನಂಬವಲ್ದು" ಎಂದು ಸಲೀಮ ನಕ್ಕ. ನಾನು ನಗಲಿಲ್ಲ. ಇಲ್ಲದವರಿಗೆ ತಿರುವಿನಲ್ಲಿ ಹ್ಞೂಂಗುಟ್ಟುವ ನನಗಿಂತ ಆ ಗಾಡಿಯೇ ವಾಸಿ ಅನ್ನಿಸಿತು.

ಎಲ್‌ಇಡಿ ತೆಗೆದೆವು. ಆ ಕಾರಿನ ದೀಪದ ಬಟ್ಟಲು ಹಳೆಯ ನಮೂನೆಯ ಬಲ್ಬಿಗೆ ಮಾಡಿದ್ದು, ಬೇರೆ ಹಾಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ ಎಂದು ಸಲೀಮ ಈಗ ಮೊದಲಿನಿಂದಲೂ ತಿಳಿದಿದ್ದವನ ಹಾಗೆ ಹೇಳಿದ. ಹುಬ್ಬಳ್ಳಿಯಿಂದ ಹೊಸ ಹೆಡ್‌ಲೈಟು ತರಿಸಿ, ಅದಕ್ಕೆ ತಕ್ಕ ಬಲ್ಬು ಹಾಕಿದೆವು. ಬೆಳಕು ಇನ್ನೂ ಮಂದವೇ. ಸಲೀಮ ಮೀಟರು ಹಿಡಿದು ನೋಡಿದ. ಬ್ಯಾಟರಿಯಲ್ಲಿ ಇದ್ದಷ್ಟು ಕರೆಂಟು ದೀಪದ ತನಕ ಬರುತ್ತಿರಲಿಲ್ಲ. ಹಳೆಯ ವೈರು ಸಣ್ಣದು, ದಾರಿಯಲ್ಲೇ ತಿಂದುಹಾಕುತ್ತಿತ್ತು. ಅವನು ಹೇಳುವ ಮುಂಚೆಯೇ ನನಗೆ ನಗು ಬಂತು. ಮೋಟರು ನೀರು ಎತ್ತುವುದಿಲ್ಲ ಎಂದು ಬರುವ ರೈತರಿಗೆ, ಮೋಟರಿನದು ತಪ್ಪಲ್ಲ, ದಪ್ಪ ವೈರು ಹಾಕಿರಿ ಎಂದು ನಾನು ಇಡೀ ಜೀವನ ಹೇಳಿದ್ದೇನೆ. ನನ್ನ ಗಾಡಿಯಲ್ಲೇ ಅದು ಹೊಳೆದಿರಲಿಲ್ಲ. ನನ್ನ ಅಂಗಡಿಯ ವೈರನ್ನೇ ತಂದು ಬ್ಯಾಟರಿಯಿಂದ ನೇರ ಎಳೆದು, ನಡುವೆ ರಿಲೇ ಎಂಬ ಸ್ವಿಚ್ಚು ಕೂಡಿಸಿದೆವು.

ಸಂಜೆ ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಬೆಳಕು ಎಲ್ಲಿ ಬೀಳಬೇಕೆಂದು ಸಲೀಮ ಸೀಮೆಸುಣ್ಣದಿಂದ ಗೆರೆ ಎಳೆದ. ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದ. ಕೂತವರ ಭಾರಕ್ಕೆ ಗಾಡಿ ತಗ್ಗುತ್ತದೆ, ದೀಪದ ಎತ್ತರ ಬದಲಾಗುತ್ತದೆ. ಸ್ಕ್ರೂ ತಿರುಗಿಸುತ್ತ ಅವನು ತಲೆಯೆತ್ತದೆ ಕೇಳಿದ: "ಬಾಜೂಕ ಯಾರರ ಕುಂಡ್ರತಾರೇನ್ರಿ ಕಾಕಾ? ಇಬ್ಬರ ಭಾರಕ್ಕ ಹೊಂದಸ್ಲ್ಯೋ, ಒಬ್ಬರದಕ್ಕೋ?"

ಅವನಿಗೆ ನನ್ನ ಮನೆಯ ವಿಷಯ ಗೊತ್ತಿರಲಿಲ್ಲ. "ಒಬ್ಬರದಕ್ಕ" ಅಂದೆ. ಅವನು ಅರ್ಧ ಸುತ್ತು ತಿರುಗಿಸಿದ. ಗೋಡೆಯ ಮೇಲೆ ಬೆಳಕು ಗೆರೆಗೆ ಬಂದು ಕೂತಿತು.

ಮುಂದಿನ ರಜೆಗೆ ಸವಣೂರಿನ ವೀಳ್ಯದೆಲೆ, ಖಾರದ ತಿಂಡಿ ಕಟ್ಟಿಸಿಕೊಂಡು ದುಂಡಸಿಗೆ ಹೋದೆ. ಬಿಸಿಲು ಇಳಿಯಿತು. ಒಳಗಿನಿಂದ ಬೆಕ್ಕಿಗೆ, "ಹೊತ್ತಾತು ಅಂತ ಹೇಳು" ಎಂದು ಬಂತು. ನಾನು ಬೆಕ್ಕಿಗೆ, "ಹೊಸಾ ದೀಪ ಹಾಕಿಸೇನಿ, ಊಟ ಮಾಡೇ ಹೋಗ್ತೇನಿ ಅಂತ ಹೇಳು" ಅಂದೆ. ಒಳಗೆ ಹಿಟ್ಟಿನ ಡಬ್ಬಿ ತೆಗೆದ ಸದ್ದು ಕೇಳಿತು.

ಹೊತ್ತು ಮುಳುಗಿದ ಮೇಲೆ ಬಸವರಾಜ ಬಂದ. ಅವನ ಹೆಂಡತಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನನ್ನನ್ನು ಆ ಹೊತ್ತಿನಲ್ಲಿ ಅಲ್ಲಿ ಕಂಡು ಅವನಿಗೆ ಬಹಳ ಸಂತೋಷ. "ಹಚ್ಚಿ ತೋರಸ್ರಿ ಮಾಮಾ" ಎಂದು ಗಂಟುಬಿದ್ದ. ಬೆಳಕು ಎಲ್ಲಿಯ ತನಕ ಬೀಳುತ್ತದೆ ನೋಡುತ್ತೇನೆ ಎಂದು ಓಣಿಯ ಆ ತುದಿಗೆ ನಡೆದುಹೋದ. ನಾನು ಗಾಡಿಯಲ್ಲಿ ಕೂತು, ಅಂಗಳದಿಂದ ಓಣಿಯ ಕಡೆ ಹೊರಳಿಸುವ ಮುಂಚೆಯೇ ದೀಪ ಹಚ್ಚಿಬಿಟ್ಟೆ. ಬೆಳಕು ಬಣವೆಯ ಮೇಲೆ, ಗೋಡೆಯ ಮೇಲೆ, ಬಾಗಿಲ ಮೇಲೆ ಬಿತ್ತು. ಬಾಗಿಲಲ್ಲಿ ಅತ್ತಿ ನಿಂತಿದ್ದರು. ಎರಡೂ ಕೈ ಹಿಟ್ಟು. ತಲೆಯ ಮೇಲೆ ಸೆರಗು ಇರಲಿಲ್ಲ, ಎಳೆದುಕೊಳ್ಳಲು ಕೈ ತೆರವಿರಲಿಲ್ಲ. ಅವರ ಮುಖವನ್ನು ನಾನು ಅಷ್ಟು ಸ್ಪಷ್ಟವಾಗಿ ಎಂದೂ ನೋಡಿರಲಿಲ್ಲ. ಗಿರಿಜಾಳ ಹಣೆ ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು.

ಅವರು ಮೊಣಕೈಯನ್ನು ಕಣ್ಣಿಗೆ ಅಡ್ಡ ಹಿಡಿದು, "ಅಳಿಯಂದ್ರ, ದೀಪ ಶಾಂತ ಮಾಡ್ರಿ" ಅಂದರು.

ದೀಪವನ್ನು ಆರಿಸು ಎಂದು ನಮ್ಮ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ, ಶಾಂತ ಮಾಡು ಅನ್ನುತ್ತಾರೆ. ದೇವರ ಮುಂದಿನ ದೀಪಕ್ಕೆ ಹೇಳುವ ಮಾತನ್ನು ಅತ್ತಿ ಕಾರಿಗೆ ಹೇಳಿದ್ದರು. ಅದು ಆಮೇಲೆ ಹೊಳೆದದ್ದು. ಆಗ ಕೇಳಿದ್ದು ಮೊದಲ ಶಬ್ದ ಮಾತ್ರ, ಅಳಿಯಂದ್ರ. ಬೆಕ್ಕು ಅಲ್ಲಿ ಎಲ್ಲಿಯೂ ಇರಲಿಲ್ಲ.

ನಾನು ಶಾಂತ ಮಾಡಿದೆ. ಕಣ್ಣು ಹೊಂದುವ ತನಕ ಏನೂ ಕಾಣಲಿಲ್ಲ. ಅವರು ಒಳಗೆ ಹೋಗಿರಬೇಕು ಎಂದುಕೊಂಡು ಕೆಳಗಿಳಿದೆ. ಹೋಗಿರಲಿಲ್ಲ.

"ಅವತ್ತು ದಾರ್ಯಾಗ ಆಕಿ ಏನರ ಅಂದ್ಲೇನ್ರಿ?"

ಅಂದಳು ಅಂದೆ. ಅಂಗಳದಲ್ಲಿ ನಿಂತೇ ಹೇಳಿದೆ. ಮಲಗಿದ್ದಳು, ನಾನು ದಾರಿ ಹೇಳುತ್ತಿದ್ದೆ, ಶಿಗ್ಗಾವಿ ದಾಟಿತು, ದುಂಡಸಿಗೆ ಹೊರಳುವ ರಸ್ತೆ ಬಂತು ಎಂದು ಹೇಳಿದೆ. ಆಗ ಅವಳು, ಸ್ವಲ್ಪ ಸಾವಕಾಶ ಹೋಗಿರಿ ಅಂದಳು. "'ಗ್ಲಾಸ್ ಇಳಸ್ರಿ. ಅವ್ವ ಈಗ ರೊಟ್ಟಿ ಬಡ್ಯಾಕತ್ತಿರ್ತಾಳ, ಸಪ್ಪಳ ಕೇಳತೈತಿ' ಅಂದ್ಲು."

ಹೆದ್ದಾರಿಗೂ ಆ ಮನೆಗೂ ನಡುವೆ ಎಷ್ಟೋ ಹೊಲಗಳಿವೆ. ಅದನ್ನು ಅತ್ತಿ ಹೇಳಲಿಲ್ಲ.

"ಇಳಿಸಿದ್ರೇನು?"

"ಇಳಿಸಿದೆ."

"ಆಗ ಹೊತ್ತು ಎಷ್ಟಾಗಿತ್ತು?"

ಮುಂಜಾನೆ, ಬಿಸಿಲು ಆಗಷ್ಟೇ ಏರುತ್ತಿತ್ತು ಅಂದೆ.

ಓಣಿಯ ಆ ತುದಿಯಿಂದ ಬಸವರಾಜ, ಯಾಕೆ ಆರಿಸಿದಿರಿ, ಹಚ್ಚಿರಿ ಎಂದು ಕೂಗುತ್ತಿದ್ದ. ಅತ್ತಿ ಒಂದು ಕೈಯ ಹಿಟ್ಟನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಉದುರಿಸುತ್ತ ನಿಂತಿದ್ದರು.

"ಹೌದ್ರಿ," ಅಂದರು. "ಅಷ್ಟೊತ್ತಿಗೆ ರೊಟ್ಟೀನ ಬಡ್ಯಾಕತ್ತಿದ್ದೆ ನಾನು."